ಶಿರಾಜಿನ ಹಾಳೆ

ತೂಬಾ ಆಂಟಿ ಕತೆ ಹೇಳುವಾಗ ಸತ್ತವರ ಹೆಸರುಗಳನ್ನಷ್ಟೇ ಹೇಳುತ್ತಿದ್ದರು. ಬದುಕಿರುವವರು ಅವರ ಬಾಯಲ್ಲಿ ‘ಒಬ್ಬಳು ಹುಡುಗಿ’, ‘ನಮ್ಮ ಕಡೆಯವರೊಬ್ಬರು’, ‘ಅಲ್ಲಿರೋರು’ ಅಷ್ಟೇ. ಪ್ರಣತಿ ಇದನ್ನು ಚಿಕ್ಕಂದಿನಿಂದ ಕೇಳಿಸಿಕೊಂಡೇ ಬೆಳೆದಿದ್ದಳು. ಆದರೂ ಇದು ಬರೀ ಅಭ್ಯಾಸವಲ್ಲ, ಎಚ್ಚರಿಕೆ ಎಂದು ಅವಳಿಗೆ ಹೊಳೆದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕೈ ಮೀರಿದ ಮೇಲೆ.

ಸಿಂಗಪುರದ ಯಿಶುನ್‌ನ ಒಂದು ಬ್ಲಾಕಿನ ಹತ್ತನೆಯ ಮಹಡಿಯಲ್ಲಿ ಪ್ರಣತಿಯ ಮನೆಯಿಂದ ಎರಡು ಬಾಗಿಲು ದಾಟಿದರೆ ತೂಬಾ ಆಂಟಿಯ ಮನೆ. ಅವರು ಹುಟ್ಟಿದ್ದು ಇರಾನಿನ ಶಿರಾಜ್ ಪಟ್ಟಣದ ಒಂದು ಬಹಾಯಿ ಕುಟುಂಬದಲ್ಲಿ. ಹದಿನೆಂಟು ತುಂಬಿದಾಗ ಬಿ.ಎಸ್‌ಸಿ. ಓದಲು ಮೈಸೂರಿಗೆ ಬಂದರು. ಓದು ಮುಗಿಯುವ ಮೊದಲೇ ಇರಾನಿನಲ್ಲಿ ಕ್ರಾಂತಿಯಾಯಿತು, ಬಹಾಯಿಗಳನ್ನು ಹುಡುಕಿ ಹಿಡಿಯತೊಡಗಿದರು, ಊರಿಗೆ ಮರಳುವ ದಾರಿ ಮುಚ್ಚಿತು. ಮೈಸೂರಿನಲ್ಲೇ ಕೆಮಿಸ್ಟ್ರಿ ಮೇಷ್ಟ್ರು ವೆಂಕಟೇಶಮೂರ್ತಿಯವರನ್ನು ಮದುವೆಯಾದರು. ಅವರಿಗೆ ಸಿಂಗಪುರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದಾಗ ಜೊತೆಯಲ್ಲಿ ಬಂದು ಇಲ್ಲಿಯವರೇ ಆದರು. ಮೂರ್ತಿ ಅಂಕಲ್ ತೀರಿಕೊಂಡು ಆರು ವರ್ಷವಾಗಿದೆ. ಪ್ರಣತಿಯ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಶಾಲೆ ಬಿಟ್ಟ ಮೇಲೆ ಅವಳು ಆಂಟಿಯ ಮನೆಯಲ್ಲೇ ಇರುತ್ತಿದ್ದಳು. ಕನ್ನಡ ಓದಲು ಬರೆಯಲು ಕಲಿತದ್ದು ಅವರ ಊಟದ ಮೇಜಿನ ಮೇಲೆ. ತಳ ಹಿಡಿದು ಕೆಂಪಾದ ಇರಾನಿ ಅನ್ನಕ್ಕೆ ಮೈಸೂರು ಹುಳಿ ಕಲಸಿಕೊಂಡು ತಿನ್ನುವ ಮನೆ ಅದು.

ಎಲ್ಲ ಶುರುವಾದದ್ದು ಒಂದು ವಿಡಿಯೋದಿಂದ. ಆಂಟಿ ಮೈಸೂರು ಕನ್ನಡದಲ್ಲಿ ಬಾಳೆಹಣ್ಣು ಮಾರುವವನ ಜೊತೆ ಚೌಕಾಸಿ ಮಾಡಿದ ಹಳೆಯ ಪ್ರಸಂಗವೊಂದನ್ನು ನಗುತ್ತಾ ಹೇಳುವುದನ್ನು ಪ್ರಣತಿ ಫೋನಿನಲ್ಲಿ ಹಿಡಿದು ಸಿಂಗಪುರದ ಕನ್ನಡಿಗರ ಪೇಜಿಗೆ ಹಾಕಿದ್ದಳು. ಜನ ಮೆಚ್ಚಿಕೊಂಡರು, ಹಂಚಿಕೊಂಡರು. ವಾರದಲ್ಲಿ ಅಮನ್ ಎಂಬವನು ಬರೆದ. ತಾನು ಬೆಂಗಳೂರಿನವನು, ಈಗ ಸಿಂಗಪುರದ ಜುರಾಂಗ್ ಈಸ್ಟ್‌ನಲ್ಲಿ ರೂಮ್ ಮಾಡಿಕೊಂಡಿದ್ದೇನೆ, ಬಹಾಯಿ ಧರ್ಮದ ಮೊದಲ ದಿನಗಳ ಬಗ್ಗೆ ಮನೆಮನೆಗಳಲ್ಲಿ ಉಳಿದಿರುವ ನೆನಪುಗಳನ್ನು ಒಂದು ಸಂಶೋಧನಾ ಪ್ರತಿಷ್ಠಾನಕ್ಕಾಗಿ ಕೂಡಿಸುತ್ತಿದ್ದೇನೆ, ಆಂಟಿಯವರನ್ನು ಒಮ್ಮೆ ಮಾತಾಡಿಸಬಹುದೇ ಎಂದು ಕೇಳಿದ್ದ. ಆಂಟಿ ಎರಡು ದಿನ ಯೋಚಿಸಿ, ಹಳೇ ಕತೆ ತಾನೇ, ಬರಲಿ ಎಂದರು.

ಅಮನ್ ಭಾನುವಾರ ಮಧ್ಯಾಹ್ನಗಳಲ್ಲಿ ಬರತೊಡಗಿದ. ಮೂವತ್ತರ ಆಸುಪಾಸು, ತಗ್ಗಿದ ದನಿ, ಚಪ್ಪಲಿಯನ್ನು ಗ್ರಿಲ್ಲಿನ ಹೊರಗೆ ಜೋಡಿಸಿಟ್ಟು ಒಳಗೆ ಬರುವ ನಡವಳಿಕೆ. ರೆಕಾರ್ಡರ್ ಮೇಜಿನ ಮೇಲಿಟ್ಟು, ಮಧ್ಯೆ ಬಾಯಿ ಹಾಕದೆ ಕೇಳುತ್ತಿದ್ದ. ಆಂಟಿಗೆ ಅವನು ಹಿಡಿಸಿದ. ಪ್ರಣತಿಗೂ ಹಿಡಿಸಿದನೆನ್ನಬೇಕು. ಇಲ್ಲದಿದ್ದರೆ ಅವಳು ಪ್ರತಿ ಭಾನುವಾರ ಅಲ್ಲಿ ಕೂತಿರಬೇಕಾದ ಅಗತ್ಯವೇನೂ ಇರಲಿಲ್ಲ.

ಮೊದಲ ಭಾನುವಾರ ಆಂಟಿ 1844ನೆಯ ಇಸವಿಯ ಮೇ ತಿಂಗಳ ಒಂದು ಸಂಜೆಯಿಂದ ಶುರುಮಾಡಿದರು. ಧರ್ಮಗ್ರಂಥಗಳು ಹೇಳಿದ್ದ ಮಹಾಪುರುಷ ಬರುವ ಕಾಲ ಹತ್ತಿರವಾಗಿದೆಯೆಂದು ನಂಬಿ ಹುಡುಕುತ್ತಾ ಹೊರಟಿದ್ದ ಮುಲ್ಲಾ ಹುಸೇನ್ ಎಂಬ ತರುಣ ವಿದ್ವಾಂಸ ದಣಿದು ಶಿರಾಜಿನ ಊರಬಾಗಿಲಿಗೆ ಬಂದಿದ್ದ. ಅಲ್ಲಿ ಹಸಿರು ಪೇಟದ ಯುವಕನೊಬ್ಬ ಎದುರಾಗಿ, ಎಷ್ಟೋ ಕಾಲದ ಗೆಳೆಯನ ಹಾಗೆ ಬರಮಾಡಿಕೊಂಡು ಮನೆಗೆ ಕರೆದೊಯ್ದ. ಅವನು ವ್ಯಾಪಾರಿ, ವಯಸ್ಸು ಇಪ್ಪತ್ತನಾಲ್ಕು. ಕೈಗೆ ನೀರು ಕೊಟ್ಟ, ಚಹಾ ಕೊಟ್ಟ. ಸೂರ್ಯ ಮುಳುಗಿ ಎರಡು ಗಂಟೆಯಾದ ಮೇಲೆ, ನೀನು ಹುಡುಕುತ್ತಿರುವವನು ನಾನೇ ಎಂದು ಹೇಳಿದ. ಬಾಬ್ ಎಂದು ತನ್ನನ್ನು ಕರೆದುಕೊಂಡ. ಆ ಮಾತಿನ ಅರ್ಥ ಬಾಗಿಲು ಎಂದು. ಮುಂದೆ ಬರಲಿರುವ ಇನ್ನೂ ದೊಡ್ಡವರೊಬ್ಬರಿಗೆ ತಾನು ಬಾಗಿಲು ಎಂಬುದು ಅದರೊಳಗಿದ್ದ ಮಾತು.

ಆಮೇಲೆ ಇನ್ನೂ ಹದಿನೇಳು ಜನ ಒಬ್ಬೊಬ್ಬರಾಗಿ ತಾವೇ ಅವನನ್ನು ಕಂಡುಕೊಂಡರು. ಅವರಲ್ಲಿ ಒಬ್ಬಳು ಹೆಂಗಸು. ಅವಳು ಅವನ ಮುಖವನ್ನು ಕೊನೆಯವರೆಗೂ ನೋಡಲಿಲ್ಲ. ಈ ಹದಿನೆಂಟು ಜನರನ್ನು ದಿಕ್ಕುದಿಕ್ಕಿಗೆ ಕಳಿಸುವಾಗ ಅವನು ಒಂದು ಕಟ್ಟಪ್ಪಣೆ ಮಾಡಿದ್ದ.

“ಬಾಗಿಲು ತೆರೆದಿದೆ ಅಂತ ಎಲ್ಲರಿಗೂ ಹೇಳಿ, ನನ್ನ ಹೆಸರು ಮಾತ್ರ ಹೇಳಬೇಡಿ ಅಂದ್ರು,” ಎಂದರು ಆಂಟಿ. “ಯಾಕೆ ಅಂದ್ರೆ ಹೆಸರು ಗೊತ್ತಾದ ದಿನದಿಂದ ಹಿಂದೇನೇ ಬರ್ತಾರೆ. ಹಾಗೇ ಬಂದ್ರು.”

ಮೆಕ್ಕಾ ಯಾತ್ರೆಯಿಂದ ಮರಳುವಾಗ ಬಾಬ್‌ನನ್ನು ಹಿಡಿದರು. ಶಿರಾಜಿನ ಅಧಿಕಾರಿಯ ಎದುರು ಅವನ ಕೆನ್ನೆಗೆ ಹೊಡೆದರು. ಗಡಿಯ ಬೆಟ್ಟದ ಕೋಟೆಗಳಲ್ಲಿ ವರ್ಷಗಟ್ಟಲೆ ಇಟ್ಟರು. 1850ರ ಜುಲೈನಲ್ಲಿ ತಬ್ರೀಜ್ ಪಟ್ಟಣದ ಸೈನಿಕರ ಅಂಗಳದಲ್ಲಿ, ಒಬ್ಬ ತರುಣ ಶಿಷ್ಯನೊಂದಿಗೆ ಹಗ್ಗದಲ್ಲಿ ತೂಗುಹಾಕಿ ಒಂದು ಇಡೀ ದಳದಿಂದ ಗುಂಡು ಹೊಡೆಸಿದರು. ಹೊಗೆ ತಿಳಿಯಾದಾಗ ಹಗ್ಗ ಮಾತ್ರ ತುಂಡಾಗಿತ್ತು. ಬಾಬ್ ಒಳಗಿನ ಕೋಣೆಯಲ್ಲಿ ತನ್ನ ಲಿಪಿಕಾರನೊಂದಿಗೆ, ಅರ್ಧಕ್ಕೆ ನಿಂತಿದ್ದ ಮಾತನ್ನು ಮುಗಿಸುತ್ತಿದ್ದ. ಆ ದಳ ಮತ್ತೆ ಬಂದೂಕು ಎತ್ತಲು ಒಪ್ಪಲಿಲ್ಲ. ಬೇರೆ ದಳವನ್ನು ಕರೆಸಿದರು.

“ನಂಬೋದು ಬಿಡೋದು ನಿಮಗೆ ಸೇರಿದ್ದು. ನಮ್ಮ ಮನೇಲಿ ನನಗೆ ಹೇಳಿದ್ದು ಹೀಗೆ,” ಎಂದು ಆಂಟಿ ಚಹಾದ ಲೋಟ ತುಂಬಿಸಿದರು.

ಎರಡನೆಯ ಭಾನುವಾರ ಬಹಾಉಲ್ಲಾ ಅವರ ಕತೆ. ಮಂತ್ರಿಯ ಮಗನಾಗಿ ಹುಟ್ಟಿ, ಸುಖವನ್ನೆಲ್ಲ ಬಿಟ್ಟು ಬಾಬ್‌ನನ್ನು ಅನುಸರಿಸಿದವರು. 1852ರಲ್ಲಿ ಟೆಹರಾನಿನಲ್ಲಿ ಅವರನ್ನು ಭೂಮಿಯ ಕೆಳಗಿನ ಕತ್ತಲ ಹೊಂಡವೊಂದಕ್ಕೆ ಇಳಿಸಿದರು. ಹಿಂದೆ ಅದು ಸ್ನಾನಗೃಹವೊಂದರ ನೀರಿನ ತೊಟ್ಟಿಯಾಗಿತ್ತು. ಕುತ್ತಿಗೆಗೆ ಹಾಕಿದ ಸರಪಳಿಯ ಗುರುತು ಸಾಯುವವರೆಗೂ ಮಾಸಲಿಲ್ಲ. ನಾಲ್ಕು ತಿಂಗಳ ನಂತರ ಚಳಿಗಾಲದಲ್ಲಿ ಕುಟುಂಬ ಸಮೇತ ಬಾಗ್ದಾದಿಗೆ ಗಡೀಪಾರು. ಬಾಬ್ ಯಾರಿಗೆ ಬಾಗಿಲಾಗಿದ್ದನೋ ಅವರು ತಾನೇ ಎಂದು ಹತ್ತು ವರ್ಷಗಳ ನಂತರ ನದಿಯಾಚೆಯ ಒಂದು ತೋಟದಲ್ಲಿ ಹೇಳಿದರು. ಕೇಳುತ್ತಾ ಕೂತ ಪ್ರಣತಿಗೆ ಹೊರಗೆ ಕಾರಿಡಾರಿನಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದ ಸದ್ದಿಗೂ ಬೆಚ್ಚುವಂತಾಯಿತು.

ಮೂರನೆಯ ಭಾನುವಾರ ಆಂಟಿ ತಮ್ಮ ಮನೆತನದ ಮಾತು ತೆಗೆದರು. ಅವರ ಅಜ್ಜನ ಅಜ್ಜ ಶಿರಾಜಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರು. ಬಾಬ್‌ನ ಸೋದರಮಾವನ ಅಂಗಡಿಯೊಂದಿಗೆ ಅವರ ವ್ಯಾಪಾರ ಇತ್ತು. ಬಾಬ್‌ನನ್ನು ಹಿಡಿದು ಊರೊಳಗೆ ತಂದ ದಿನ ತಾವು ಕಣ್ಣಾರೆ ಕಂಡದ್ದನ್ನು ಅವರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಆ ಹಾಳೆ ಐದು ತಲೆಮಾರು ದಾಟಿ ಬಂದಿದೆ. 1979ರಲ್ಲಿ ಗುಂಪು ಕಟ್ಟಿಕೊಂಡು ಬಂದವರು ಬಾಬ್‌ನ ಮನೆಯನ್ನೇ ಕೆಡವಿದಾಗ, ಆಂಟಿಯ ಅಮ್ಮ ಅದನ್ನು ರಜಾಯಿಯೊಳಗೆ ಹೊಲಿದು ಊರೆಲ್ಲ ಹೊತ್ತು ತಿರುಗಿದ್ದರಂತೆ.

“ಈಗ ಅದು ಯಾರ ಹತ್ರ ಇದೆ ಆಂಟಿ?” ಎಂದ ಅಮನ್.

ಆಂಟಿ ಲೋಟ ಕೆಳಗಿಟ್ಟರು. “ಇದೆ. ಇರೋ ಕಡೆ ಇದೆ.”

ಅವನು ಇನ್ನೂ ಎರಡು ಮೂರು ಬಗೆಯಲ್ಲಿ ಕೇಳಿದ. ಯಾವ ಬೀದಿ, ಮನೆಯಲ್ಲಿ ಈಗ ಯಾರಿದ್ದಾರೆ, ಏನು ಮಾಡಿಕೊಂಡಿದ್ದಾರೆ. ಪ್ರತಿ ಸಲವೂ ಆಂಟಿ ನಗುನಗುತ್ತಲೇ ಮಾತನ್ನು ನೂರೆಂಬತ್ತು ವರ್ಷ ಹಿಂದಕ್ಕೆ ತಿರುಗಿಸಿಬಿಟ್ಟರು.

ಅಂದು ಅವನನ್ನು ಕೆಳಗೆ ಬಿಡಲು ಪ್ರಣತಿ ಲಿಫ್ಟಿನಲ್ಲಿ ಇಳಿದಳು. ಬ್ಲಾಕಿನ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ ನಿಂತು ಅಮನ್ ಹೇಳಿದ: “ನಿಜ ಹೇಳ್ಬೇಕು ಅಂದ್ರೆ ರಿಪೋರ್ಟ್ ಅಲ್ಲೇ ಸ್ಟಕ್ ಆಗಿದೆ. ಆ ಹಾಳೆ ಇದೆ ಅನ್ನೋಕೆ ಪ್ರೂಫ್ ಇಲ್ದೆ ಇದ್ರೆ ಆಂಟಿ ಹೇಳಿದ್ದೆಲ್ಲ ಬರೀ ಕತೆ ಅಂತ ತೆಗ್ದು ಹಾಕ್ತಾರೆ. ಒಂದು ಫೋಟೋ ಸಿಕ್ರೂ ಸಾಕಿತ್ತು.”

ಫೋಟೋ ಇತ್ತು. ಆಂಟಿಯ ತಂಗಿಯ ಮಗಳು ಲಾದನ್ ಆರು ತಿಂಗಳ ಹಿಂದೆ ಶಿರಾಜಿನಿಂದ ಕಳಿಸಿದ್ದಳು. ಅದನ್ನು ಆಂಟಿಯ ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಇಟ್ಟುಕೊಟ್ಟವಳು ಪ್ರಣತಿಯೇ. ಅವಳ ಬಳಿಯೂ ಒಂದು ಪ್ರತಿ ಇತ್ತು. ಅಷ್ಟು ಹಳೆಯ ಕಾಗದದ ಚಿತ್ರದಿಂದ ಯಾರಿಗೇನು ಕೇಡು ಎಂದುಕೊಂಡಳು. ತನ್ನಿಂದ ಮಾತ್ರ ಆಗುವ ಸಹಾಯ ಎಂಬ ಸಣ್ಣ ಹಿಗ್ಗೂ ಒಳಗೆ ಇತ್ತು. ಕಳಿಸುತ್ತೇನೆ, ಆದರೆ ಆಂಟಿಗೆ ಹೇಳಬೇಡ ಎಂದಳು.

“ವಾಟ್ಸಾಪಲ್ಲಿ ಬೇಡ, ಕ್ಲಾರಿಟಿ ಹೋಗತ್ತೆ. ಒರಿಜಿನಲ್ ಫೈಲ್ ಮೇಲ್ ಮಾಡು,” ಎಂದ ಅಮನ್. “ಯಾರು ತೆಗ್ದಿದ್ದು? ಕ್ರೆಡಿಟ್ ಕೊಡ್ಬೇಕಲ್ಲ.”

“ಲಾದನ್ ಅಂತ, ಆಂಟಿ ತಂಗಿ ಮಗಳು. ಮೈಸೂರಲ್ಲೇ ಓದಿದ್ದು. ಈಗ ಅಲ್ಲಿ ಮನೇಲೇ ಸ್ಟೂಡೆಂಟ್ಸ್‌ಗೆ ಕೆಮಿಸ್ಟ್ರಿ ಹೇಳ್ಕೊಡ್ತಾಳೆ. ಬಹಾಯಿ ಮಕ್ಳಿಗೆ ಅಲ್ಲಿ ಯೂನಿವರ್ಸಿಟೀಲಿ ಸೀಟ್ ಕೊಡಲ್ಲ.”

ಅವನು ತಲೆಯಾಡಿಸಿ ಫೋನಿನಲ್ಲಿ ಬರೆದುಕೊಂಡ. ಸ್ಪೆಲ್ಲಿಂಗ್ ಸರಿಯಾ ಎಂದು ತೋರಿಸಿದ. ಪ್ರಣತಿ ಒಂದು ಅಕ್ಷರ ತಿದ್ದಿದಳು.

ಲಾದನ್ ಪ್ರತಿ ಶುಕ್ರವಾರ ಸಂಜೆ ಫೋನ್ ಮಾಡುತ್ತಿದ್ದಳು. ಮೂರ್ತಿ ಅಂಕಲ್‌ನ ತಂಗಿ ಸತ್ಯವತಿಯವರ ಮನೆಯಲ್ಲಿದ್ದುಕೊಂಡು ಓದಿದವಳಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಮುಖ್ಯವಾದ ಮಾತೇನಾದರೂ ಇದ್ದರೆ ದೊಡ್ಡಮ್ಮನೂ ಅವಳೂ ಇರಾನಿನ ಪಾರ್ಸಿ ಭಾಷೆ ಬಿಟ್ಟು ಕನ್ನಡಕ್ಕೆ ಹೊರಳುತ್ತಿದ್ದರು. ಕದ್ದು ಕೇಳುವ ಕಿವಿಗೆ ಅಲ್ಲಿ ಕನ್ನಡ ತಿಳಿಯುವುದಿಲ್ಲವಲ್ಲ.

ಫೋಟೋ ಕಳಿಸಿದ ವಾರದ ಶುಕ್ರವಾರ, ಗ್ಯಾಸ್ ಪರೀಕ್ಷೆ ಮಾಡುತ್ತೇನೆಂದು ಒಬ್ಬ ಬಂದಿದ್ದ, ಕೊಳವೆಯ ಕಡೆ ತಿರುಗಿಯೂ ನೋಡದೆ ಪುಸ್ತಕದ ಕಪಾಟನ್ನೇ ನೋಡಿ ಹೋದ ಎಂದು ಲಾದನ್ ಹೇಳಿದಳು. ಮುಂದಿನ ಶುಕ್ರವಾರ, ಓಣಿಯ ತುದಿಯಲ್ಲಿ ಎರಡು ದಿನದಿಂದ ಒಂದು ಬಿಳಿ ಕಾರು ನಿಂತಿದೆ, ಒಳಗೆ ಕೂತವರು ಊಟಕ್ಕೂ ಇಳಿಯುವುದಿಲ್ಲ ಎಂದಳು. ಆಂಟಿ ಇದನ್ನು ಪ್ರಣತಿಗೆ ಹೇಳಿದ್ದು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, ಹವಾಮಾನ ಹೇಳಿದ ಹಾಗೆ. ಹೇಳಿ ಮುಗಿಸಿದ ಮೇಲೆ ಬಿಡಿಸಿದ ಸೊಪ್ಪನ್ನು ಕಸದ ಬುಟ್ಟಿಗೂ ದಂಟನ್ನು ಪಾತ್ರೆಗೂ ಹಾಕಿದರು.

ಪ್ರಣತಿ ಬುಟ್ಟಿಯಿಂದ ಸೊಪ್ಪನ್ನು ಎತ್ತಿ ತೊಳೆದಳು. ಕಾಕತಾಳೀಯ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಪಾಯಾ ಲೆಬಾರ್‌ನ ಆಫೀಸಿನಲ್ಲಿ ಅವಳ ಪಾಲಿಗೆ ಬಂದಿದ್ದದ್ದು ಪ್ರವಾಸದ ಆ್ಯಪ್ ಒಂದನ್ನು ಟೆಸ್ಟ್ ಮಾಡುವ ಕೆಲಸ. ಫೋಟೋ ಹಾಕಿದರೆ ಅದನ್ನು ತೆಗೆದ ಜಾಗ ಮ್ಯಾಪಿನಲ್ಲಿ ತಾನಾಗಿ ಕಾಣಿಸಿಕೊಳ್ಳಬೇಕು. ಹತ್ತು ಹನ್ನೆರಡು ಫೋಟೋ ಹಾಕಿ ನೋಡಿದಳು. ಎಲ್ಲವೂ ಸರಿಯಾಗಿ ಕಾಣಿಸಿದವು. ಹದಿಮೂರನೆಯದಕ್ಕೆ ಅವಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ತನ್ನ ಫೋನ್ ತೆಗೆದು ಶಿರಾಜಿನ ಹಾಳೆಯ ಫೈಲಿನ ವಿವರ ನೋಡಿದಳು. ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳ ಎರಡು ಸಂಖ್ಯೆಗಳಿದ್ದವು. ಅವನ್ನು ಮ್ಯಾಪಿನಲ್ಲಿ ಕೊಟ್ಟಾಗ ಒಂದು ಇಕ್ಕಟ್ಟಾದ ಓಣಿ, ಒಂದು ಚಪ್ಪಟೆ ಚಾವಣಿ, ಅಂಗಳದಲ್ಲಿ ಒಂದೇ ಒಂದು ಮರದ ಹಸಿರು ಚುಕ್ಕೆ ತೆರೆಯ ಮೇಲೆ ಬಂದವು. ಅದು ಲಾದನ್‌ಳ ಮನೆ, ಅಮನ್‌ಗೆ ಕಳಿಸಿದ್ದು ಇದೇ ಫೈಲು.

ಅರ್ಧ ದಿನ ರಜೆ ಹಾಕಿ ಜುರಾಂಗ್ ಈಸ್ಟ್‌ಗೆ ಹೋದಳು. ಸ್ಟೇಷನ್ ಹತ್ತಿರದ ಹಾಕರ್ ಸೆಂಟರಿನ ಊಟದ ಮೇಜೊಂದರಲ್ಲಿ ಅಮನ್ ಕಾದಿದ್ದ. ನಿನ್ನ ಪ್ರತಿಷ್ಠಾನ ಎಲ್ಲಿದೆ, ಯಾರು ನಡೆಸುತ್ತಾರೆ ಎಂದು ಕೂರುವ ಮೊದಲೇ ಕೇಳಿದಳು. ಅವನು ಗಾಬರಿಯಾದ. ತಾನು ಯಾರನ್ನೂ ಮುಖತಃ ನೋಡಿಲ್ಲ, ಮೇಲ್‌ನಲ್ಲಿ ಕೆಲಸ ಸಿಕ್ಕಿತು, ಪಿಎಚ್.ಡಿ. ಅರ್ಧಕ್ಕೆ ಬಿಟ್ಟವನಿಗೆ ಇಂಥ ಕೆಲಸ ಸಿಗುವುದೇ ಹೆಚ್ಚು, ರೆಕಾರ್ಡಿಂಗ್‌ಗಳನ್ನು ಒಂದು ಆನ್‌ಲೈನ್ ಫೋಲ್ಡರಿಗೆ ಹಾಕುತ್ತೇನೆ, ಅಷ್ಟೇ ಎಂದ. ಅವರು ಕಳಿಸಿದ್ದ ಪ್ರಶ್ನಾವಳಿಯನ್ನೂ ತೋರಿಸಿದ. ಮೊದಲ ನಾಲ್ಕು ಪುಟ ಬಾಬ್, ಬಹಾಉಲ್ಲಾ, ಶಿರಾಜ್, ಬಾಗ್ದಾದ್. ಐದನೆಯ ಪುಟದಲ್ಲಿ ಬದುಕಿರುವ ಬಂಧುಗಳು: ಹೆಸರು, ಊರು, ಉದ್ಯೋಗ, ಪಾಠ ಹೇಳುತ್ತಾರೆಯೇ, ಯಾರಿಗೆ.

“ಎಲ್ಲಾ ಸರ್ವೇನಲ್ಲೂ ಇದು ಇರತ್ತೆ ಅಂದ್ಕೊಂಡೆ ಪ್ರಣತಿ,” ಎಂದ. ಅವಳು ಆ ಫೋಲ್ಡರನ್ನು ತೆರೆ ಎಂದಳು. ಅವನು ಪಾಸ್‌ವರ್ಡ್ ಹೊಡೆದ. ಮತ್ತೆ ಹೊಡೆದ. ತೆರೆಯಲಿಲ್ಲ. “ನಿನ್ನೆವರೆಗೂ ಓಪನ್ ಆಗ್ತಿತ್ತು,” ಎಂದ.

ಅಲ್ಲಿಂದ ಯಿಶುನ್‌ವರೆಗಿನ ರೈಲಿನಲ್ಲಿ ಕೂರಲು ಜಾಗವಿದ್ದರೂ ಪ್ರಣತಿ ನಿಂತೇ ಬಂದಳು.

ಆಂಟಿ ಗ್ರಿಲ್ ತೆಗೆದಾಗ ಸಂಜೆ ಆರು ದಾಟಿತ್ತು. ಶಿರಾಜಿನಲ್ಲಿ ಆಗ ಮಧ್ಯಾಹ್ನ. ಪ್ರಣತಿ ಚಪ್ಪಲಿ ಸಹ ಬಿಡದೆ ಎಲ್ಲವನ್ನೂ ಹೇಳಿದಳು. ಆಂಟಿ ಬೈಯಲಿಲ್ಲ, ಅಳಲಿಲ್ಲ.

“ಹೆಸರು ಹೇಳಿದ್ಯಾ?”

“ಹೇಳ್ದೆ ಆಂಟಿ.”

“ಪಾಠ ಮಾಡೋದು?”

“ಅದೂ.”

ಆಂಟಿ ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಲಾದನ್‌ಳ ಫೋನಿಗೆ ಮಾಡಲಿಲ್ಲ. ಶಿರಾಜಿನಲ್ಲಿ ಅವಳ ಪಕ್ಕದ ಮನೆಯಲ್ಲಿ ಒಬ್ಬರು ವಿಧವೆ ಇದ್ದರು, ಮುಸ್ಲಿಮರು, ಮೂವತ್ತು ವರ್ಷದ ನೆರೆಯವರು. ಅವರಿಗೆ ಮಾಡಿ, ಪಾರ್ಸಿಯಲ್ಲಿ ಎರಡೇ ಮಾತು ಹೇಳಿದರು. ಆ ಅಜ್ಜಿ ರೊಟ್ಟಿಯ ನೆಪದಲ್ಲಿ ಫೋನ್ ಹಿಡಿದುಕೊಂಡು ಲಾದನ್‌ಳ ಮನೆಗೆ ಹೋದರು. ಆಮೇಲಿನ ಮಾತೆಲ್ಲ ಕನ್ನಡದಲ್ಲಿ ನಡೆಯಿತು. ಆಂಟಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಪ್ರಣತಿ ಕೇಳಲೇಬೇಕೆಂದು ಹಾಕಿದರೋ ಏನೋ.

“ಕಾರು ಇದೆಯಾ ಮಗಳೇ?”

“ಇದೆ ದೊಡ್ಡಮ್ಮ. ಇವತ್ತು ಎರಡು ಇದೆ.”

“ಹಾಳೆ ಫೋಟೋ ಆ ಕಾರಿನವರ ಹತ್ರ ಹೋಗಿದೆ. ನಿನ್ನ ಹೆಸರು ಗೊತ್ತು. ಪಾಠದ ವಿಷಯಾನೂ ಗೊತ್ತು.”

ಬಹಾಯಿ ಮಕ್ಕಳಿಗೆ ಹೀಗೆ ಪಾಠ ಹೇಳುವುದೂ ಅಲ್ಲಿ ಅಪರಾಧ. ಹೇಗೆ, ಯಾರಿಂದ ಎಂದು ಲಾದನ್ ಕೇಳಲಿಲ್ಲ. ಪಾಠಕ್ಕೆ ಬರುವ ಹನ್ನೊಂದು ಜನರ ಉತ್ತರಪತ್ರಿಕೆಗಳು ಮನೆಯಲ್ಲೇ ಇವೆ, ಹೆಸರಿನ ಪಟ್ಟಿಯೂ ಇದೆ, ಪಟ್ಟಿಯನ್ನು ಈಗಲೇ ಸುಡುತ್ತೇನೆ ಎಂದಳು. ಉತ್ತರಪತ್ರಿಕೆಗಳನ್ನು ಅಜ್ಜಿ ತಮ್ಮ ಚೀಲದಲ್ಲಿ ಒಯ್ಯಬಹುದು, ಯಾರಾದರೂ ತಡೆದರೆ ಮೊಮ್ಮಗಳ ಶಾಲೆಯ ಕಾಗದ ಎನ್ನಬಹುದು. ಅಜ್ಜಿ ಒಂದು ಸಲ ಬಂದುಹೋದರೆ ಅನುಮಾನ ಬಾರದು. ಎರಡನೆಯ ಸಲ ಬಂದರೆ ಬಂದೇ ಬರುತ್ತದೆ.

“ಹಾಳೇನೂ ಅದೇ ಚೀಲದಲ್ಲಿ ಇಡ್ಲಾ ದೊಡ್ಡಮ್ಮ?”

ಆಂಟಿ ಕಣ್ಣು ಮುಚ್ಚಿದರು. ಅಮ್ಮ ರಜಾಯಿಯೊಳಗೆ ಹೊಲಿದುಕೊಂಡು ತಿರುಗಿದ ಹಾಳೆ. ಬಾಬ್‌ನನ್ನು ಕಣ್ಣಾರೆ ಕಂಡ ಕೈ ಬರೆದದ್ದು.

“ಬೇಡ,” ಎಂದರು ಆಂಟಿ. “ಅದು ಸಿಕ್ಕಿದ್ರೆ ಆ ಅಜ್ಜಿ ಸಿಕ್ಕಿಬೀಳ್ತಾರೆ. ಇದು ನಮ್ಮ ಭಾರ, ಅವರ ತಲೆ ಮೇಲೆ ಹಾಕಬಾರದು. ಮನೇಲಿ ಸಿಕ್ಕಿದ್ರೆ ನಿನಗೆ ಕಷ್ಟ.”

“ಸುಡ್ಲಾ?”

“ಬೆಂಕಿಗೆ ಬೇಡ. ನೀರಿಗೆ ಹಾಕು. ಬಾಗ್ದಾದಿನಲ್ಲಿ ಬಹಾಉಲ್ಲಾ ತಾವೇ ಬರೆಸಿದ್ದ ಎಷ್ಟೋ ಹಾಳೆಗಳನ್ನ ನದಿಗೆ ಹಾಕಿಸಿದ್ರು. ನೀರಿಗೆ ಹೋದ್ರೆ ಅವಮಾನ ಅಲ್ಲ.”

“ಐದು ತಲೆಮಾರಿಂದ ಕಾಪಾಡಿದ್ದು ದೊಡ್ಡಮ್ಮ.”

“ಗೊತ್ತು. ನೀರು ಬಿಡು.”

ನಲ್ಲಿಯ ಸದ್ದು ಕೇಳಿಸಿತು. ಶಿರಾಜಿನ ಅಡುಗೆಮನೆಯ ಪಾತ್ರೆಯೊಂದಕ್ಕೆ ನೀರು ಬೀಳುವ ಸದ್ದು ಯಿಶುನ್‌ನ ಹತ್ತನೆಯ ಮಹಡಿಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿತು. ಕಾಡಿಗೆಯ ಶಾಯಿ, ಬೇಗ ಬಿಡುತ್ತಿದೆ ಎಂದು ಲಾದನ್ ಹೇಳಿದಳು. ನೀರೆಲ್ಲ ಕಪ್ಪಾಗುತ್ತಿದೆ ಎಂದಳು. ಆಮೇಲೆ, ಕೊನೆಯ ಸಾಲು ಮಾತ್ರ ಇನ್ನೂ ಕಾಣುತ್ತಿದೆ ಎಂದಳು. ಓದು ಎಂದರು ಆಂಟಿ. ಲಾದನ್ ಪಾರ್ಸಿಯಲ್ಲಿ ಓದಿದಳು. ಆಂಟಿ ಅದನ್ನೇ ಮೆಲ್ಲಗೆ ತಿರುಗಿ ಹೇಳಿದರು. ಪ್ರಣತಿಗೆ ಅದು ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಫೋನ್ ಇಟ್ಟ ಮೇಲೆ ಪ್ರಣತಿ, ಫೋಟೋ ಆದರೂ ನಿಮ್ಮ ಹತ್ತಿರ ಉಳಿದಿದೆಯಲ್ಲ ಎಂದಳು.

“ಅವರ ಹತ್ರಾನೂ ಇದೆ,” ಎಂದರು ಆಂಟಿ. “ಈಗ ಮನೆಗೆ ಹೋಗು.”

ಮರುದಿನ ಬೆಳಿಗ್ಗೆ ಲಾದನ್‌ಳ ಮನೆಗೆ ಆರು ಜನ ಬಂದರು. ಯಾರೆಂದು ಹೇಳಲಿಲ್ಲ, ಕಾಗದ ತೋರಿಸಲಿಲ್ಲ. ನಾಲ್ಕು ಗಂಟೆ ಹುಡುಕಿದರು. ಹಾಸಿಗೆ ಬಗೆದರು, ಹಿಟ್ಟಿನ ಡಬ್ಬ ಸುರಿದರು. ಲ್ಯಾಪ್‌ಟಾಪ್, ಫೋನ್, ಗೋಡೆಯ ಮೇಲಿದ್ದ ಮೂಲವಸ್ತುಗಳ ಚಾರ್ಟ್ ಎಲ್ಲವನ್ನೂ ಕಟ್ಟಿಕೊಂಡು, ಲಾದನ್‌ಳನ್ನು ಕೂರಿಸಿಕೊಂಡು ಹೋದರು. ಹಾಳೆ ಸಿಗಲಿಲ್ಲ. ಹನ್ನೊಂದು ಜನರ ಹೆಸರೂ ಸಿಗಲಿಲ್ಲ. ಇದನ್ನು ಪಕ್ಕದ ಮನೆಯ ಅಜ್ಜಿ ತಿಳಿಸಿದರು.

ಅಮನ್ ಮೂರು ದಿನದ ನಂತರ ಬಂದು ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಹತ್ತಿರ ಕೂತ. ಮೇಲೆ ಬರುವ ಧೈರ್ಯವಿರಲಿಲ್ಲ. ಆಂಟಿ ತಾವೇ ಇಳಿದು ಬಂದು ಅವನ ಎದುರು ಕೂತರು. ಕ್ಷಮೆ ಕೇಳಲು ಬಾಯಿ ತೆರೆದವನನ್ನು ತಡೆದು, ಇನ್ನೆಷ್ಟು ಮನೆಗೆ ಹೋಗಿದ್ದೆ ಎಂದು ಕೇಳಿದರು. ಆರು ಮನೆ. ಒಂದೊಂದಕ್ಕೂ ಅಲ್ಲೇ ಫೋನ್ ಮಾಡಿಸಿದರು. ನಾಲ್ಕು ಮನೆಯವರು ಕೇಳಿ ಬೆಚ್ಚಿಬಿದ್ದು ತಮ್ಮವರಿಗೆ ಸುದ್ದಿ ಕಳಿಸಿದರು. ಇನ್ನೆರಡು ಮನೆಯವರು, ಗ್ಯಾಸ್ ನೋಡುವವನು ಇರಾನಿನಲ್ಲಿರುವ ನಮ್ಮವರ ಮನೆಗೂ ಬಂದಿದ್ದನಂತೆ ಎಂದರು. ಅಮನ್ ಪೊಲೀಸರಿಗೆ ದೂರು ಕೊಟ್ಟ. ಅವರು ಸಹನೆಯಿಂದ ಬರೆದುಕೊಂಡರು. ಅಷ್ಟರಲ್ಲಿ ಪ್ರತಿಷ್ಠಾನದ ವೆಬ್‌ಸೈಟ್ ಇದ್ದ ಜಾಗದಲ್ಲಿ ಬಿಳಿ ಪುಟ ಮಾತ್ರ ಉಳಿದಿತ್ತು.

ಪ್ರಣತಿಯ ಅಮ್ಮ ಅರುಂಧತಿಗೆ ವಿಷಯ ತಿಳಿದಾಗ, ಇಲ್ಲದ ಉಸಾಬರಿ ನಮಗ್ಯಾಕೆ ಬೇಕಿತ್ತು, ಇನ್ನು ಆ ಕಡೆ ತಲೆ ಹಾಕಬೇಡ ಎಂದರು. ತಲೆ ಹಾಕುವ ಪ್ರಶ್ನೆಯೇ ಬರಲಿಲ್ಲ. ಆಂಟಿಯ ಗ್ರಿಲ್ ಪ್ರಣತಿಗೆ ತೆರೆಯಲಿಲ್ಲ. ಆಫೀಸಿಗೆ ಹೋಗುವಾಗ ಬರುವಾಗ ಅವಳು ಆ ಬಾಗಿಲಿನ ಮುಂದೆ ನಿಧಾನ ಮಾಡುತ್ತಿದ್ದಳು. ಒಳಗೆ ಚಪ್ಪಲಿಯ ಸದ್ದು, ಕುಕ್ಕರಿನ ಸದ್ದು. ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೆಯ ದಿನ ಬಾಗಿಲು ತಟ್ಟಿದ್ದು ಆಂಟಿಯೇ. ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್ ಇತ್ತು.

“ಹನ್ನೊಂದು ಜನರ ಪಾಠ ಅರ್ಧಕ್ಕೆ ನಿಂತಿದೆ. ಕೆಮಿಸ್ಟ್ರಿ ನನಗೆ ಬರತ್ತೆ. ಯಾರೂ ಪತ್ತೆ ಹಚ್ಚದ ಹಾಗೆ ಕ್ಲಾಸ್ ನಡೆಸೋದು ನಿನಗೆ ಬರತ್ತೆ,” ಎಂದರು. ಪರವಾಗಿಲ್ಲ ಎಂಬ ಮಾತನ್ನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಪ್ರಣತಿ ಮೂರು ವಾರ ಆಫೀಸಿನಿಂದ ಬಂದವಳೇ ಅದಕ್ಕೆ ಕೂರುತ್ತಿದ್ದಳು. ಪ್ರತಿ ಸಲ ಬದಲಾಗುವ ಕೊಂಡಿ, ಮುಖ ಕಾಣದ ಪರದೆ, ಹೆಸರಿನ ಬದಲು ಸಂಖ್ಯೆ. ತಾನು ಕಟ್ಟಿದ್ದನ್ನು ತಾನೇ ಮುರಿಯಲು ನೋಡಿ, ಮುರಿದಾಗೆಲ್ಲ ಮತ್ತೆ ಕಟ್ಟಿದಳು.

ಲಾದನ್ ನಲವತ್ತೊಂದು ದಿನ ಒಳಗಿದ್ದಳು. ಹತ್ತೊಂಬತ್ತನೆಯ ದಿನ ಎರಡು ನಿಮಿಷದ ಫೋನ್, ಪಾರ್ಸಿಯಲ್ಲಿ, ಚೆನ್ನಾಗಿದ್ದೇನೆ ಎಂದಷ್ಟೇ. ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ಅಜ್ಜಿಯ ಫೋನಿನಿಂದ ಮಾತಾಡಿದಳು. ದನಿ ಸಣ್ಣಗಾಗಿತ್ತು. ಅಲ್ಲಿ ಒಂದು ಕೋಣೆಯಲ್ಲಿ ಕೂರಿಸಿ, ದೊಡ್ಡಮ್ಮ ಅಮನ್‌ಗೆ ಹೇಳಿದ ಕತೆಗಳನ್ನೆಲ್ಲ ಪಾರ್ಸಿಗೆ ಮಾಡಿಸಿ ತನಗೆ ಓದಿ ಹೇಳುತ್ತಿದ್ದರಂತೆ. ಶಿರಾಜಿನ ಸಂಜೆ, ಟೆಹರಾನಿನ ಹೊಂಡ, ಎಲ್ಲ. ಅದನ್ನು ಕೇಳುತ್ತಿದ್ದರೆ ದೊಡ್ಡಮ್ಮ ಪಕ್ಕದಲ್ಲೇ ಕೂತು ಹೇಳಿದ ಹಾಗಾಗುತ್ತಿತ್ತು, ಅಷ್ಟು ಹೊತ್ತು ಹೆದರಿಕೆ ಆಗುತ್ತಿರಲಿಲ್ಲ ಎಂದಳು. ಆಮೇಲೆ ಸ್ವಲ್ಪ ತಡೆದು, “ರೆಕಾರ್ಡಿಂಗಲ್ಲಿ ಇನ್ನೊಂದು ಹುಡುಗಿ ದನಿ ಇದೆ, ಯಾರು ಅದು ಅಂತ ದಿನಾ ಕೇಳ್ತಿದ್ರು,” ಎಂದಳು. ಏನು ಉತ್ತರ ಕೊಟ್ಟೆ ಎಂದು ಆಂಟಿಯೂ ಕೇಳಲಿಲ್ಲ, ಪ್ರಣತಿಯೂ ಕೇಳಲಿಲ್ಲ. ವಿಚಾರಣೆ ಯಾವಾಗ ಎಂಬುದು ಗೊತ್ತಾಗಿಲ್ಲ. ಪಾಠ ಹೇಳಬಾರದೆಂದು ಬರೆಸಿಕೊಂಡು ಬಿಟ್ಟಿದ್ದಾರೆ.

ಹನ್ನೊಂದು ಜನರಿಗೂ ಪಕ್ಕದ ಮನೆಯ ಅಜ್ಜಿ ಸುದ್ದಿ ಮುಟ್ಟಿಸಿದ ಮೇಲೆ, ಮೊದಲ ಕ್ಲಾಸ್ ಒಂದು ಮಂಗಳವಾರ ಸಂಜೆ ಏಳಕ್ಕೆ ನಡೆಯಿತು. ಆಂಟಿ ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡಿದ್ದರು, ಕ್ಯಾಮೆರಾ ಇಲ್ಲವೆಂದು ಗೊತ್ತಿದ್ದರೂ. ಮೂರ್ತಿ ಅಂಕಲ್‌ನ ಹಳೆಯ ನೋಟ್ಸ್ ಮೇಜಿನ ಮೇಲಿತ್ತು. ತೆರೆಯ ಮೇಲೆ ಕಪ್ಪು ಚೌಕಗಳು ಒಂದೊಂದಾಗಿ ಮೂಡಿದವು. ಒಂದು, ನಾಲ್ಕು, ಎರಡು, ಒಂಬತ್ತು. ಒಂದು ಚೌಕದ ಹಿಂದಿನಿಂದ ಎಲ್ಲೋ ಬಾಗಿಲು ಹಾಕಿಕೊಂಡ ಸದ್ದು ಬಂತು.

ಏಳೂವರೆಗೆ ಹತ್ತು ಚೌಕಗಳಿದ್ದವು. ಏಳನೆಯ ಸಂಖ್ಯೆ ಬಂದಿರಲಿಲ್ಲ. ನೆಟ್ ತೊಂದರೆ ಇರಬಹುದು ಎಂದು ಪ್ರಣತಿ ಮತ್ತೆ ಮತ್ತೆ ನೋಡಿದಳು. ಅವಳ ಕಡೆಯಿಂದ ತಪ್ಪೇನೂ ಇರಲಿಲ್ಲ. ಏಳನೆಯವರನ್ನು ಹಿಡಿದರೋ, ಅವರೇ ಹೆದರಿ ಬರಲಿಲ್ಲವೋ ತಿಳಿಯುವ ದಾರಿಯೂ ಇರಲಿಲ್ಲ. ಆಂಟಿ ಇನ್ನೂ ಐದು ನಿಮಿಷ ಕಾದರು. ಹತ್ತು ಜನರಲ್ಲಿ ಒಬ್ಬರೂ ಏಳನೆಯವರ ಬಗ್ಗೆ ಕೇಳಲಿಲ್ಲ. ಕೊನೆಗೆ ಆಂಟಿ ನೋಟ್ಸಿನ ಪುಟ ತಿರುವಿ, ಗಂಟಲು ಸರಿಮಾಡಿಕೊಂಡು, ಪಾರ್ಸಿಯಲ್ಲಿ ಪಾಠ ಶುರುಮಾಡಿದರು. ಪ್ರಣತಿ ಗ್ರಿಲ್ಲಿನ ಬೀಗ ಹಾಕಿದೆಯೇ ಎಂದು ನೋಡಲು ಎದ್ದು ಹೋದಳು.